ಕಾಡಿನ ಬಳ್ಳಿಯೂ ಮನೆಯ ಅಭ್ಯಾಸವೂ

“ಹುಟ್ಟುಗುಣ ಸುಟ್ಟರೂ ಹೋಗದು” ಎಂಬ ಗಾದೆಯನ್ನು ಮೊದಲು ಆಡಿದವರು ಯಾರೋ ಅರಿಯೆ. ಆದರೆ ಅವರು ಒಮ್ಮೆಯಾದರೂ ನಶ್ಯದ ಡಬ್ಬಿಯನ್ನು ಬಿಡಲು ಹೊರಟವರಾಗಿರಬೇಕೆಂಬುದರಲ್ಲಿ ನನಗೆ ಸಂದೇಹವಿಲ್ಲ. ನಾನು ಅದನ್ನು ಮೂರು ಬಾರಿ ಬಿಟ್ಟಿದ್ದೇನೆ. ಮೂರು ಬಾರಿಯೂ ಅದು ನನ್ನನ್ನು ಬಿಡಲೊಪ್ಪಲಿಲ್ಲ. ಯುಗಾದಿಯ ಬೆಳಗ್ಗೆ ಬೇವುಬೆಲ್ಲದ ಸಾಕ್ಷಿಯಾಗಿ ತೊರೆದದ್ದು ರಾಮನವಮಿಯ ಪಾನಕದ ಹೊತ್ತಿಗೆ ಮತ್ತೆ ಜೇಬು ಸೇರಿರುತ್ತಿತ್ತು.

ಆದುದರಿಂದಲೇ, ಅಮೆರಿಕದಲ್ಲಿ ಕೆಲಸದಲ್ಲಿರುವ ನನ್ನ ಸೋದರಳಿಯ ಹೆಂಡತಿ ಮಗಳೊಡನೆ ರಜಕ್ಕೆಂದು ಮೈಸೂರಿಗೆ ಬಂದವನು, ಜಗಲಿಯ ಮೇಲೆ ಕುಳಿತು, “ಮಾಮ, ಎಂಟು ತಿಂಗಳ ಹಿಂದೆ ಪೆರು ದೇಶದ ಕಾಡಿನಲ್ಲಿ ಹತ್ತು ದಿನವಿದ್ದು, ಒಂದು ಬಳ್ಳಿಯ ಕಷಾಯ ಕುಡಿದು ಬಂದೆ. ಅಲ್ಲಿಂದೀಚೆಗೆ ನನ್ನ ದಿನಚರಿಯೇ ಬೇರೆಯಾಗಿದೆ,” ಎಂದಾಗ ನನಗೆ ಮೊದಲು ಬಂದದ್ದು ನಗು. ಅವನ ಮುಖವನ್ನು ನೋಡಿದ ಮೇಲೆ ಆ ನಗು ನಿಂತಿತು. ಎಷ್ಟೋ ವರ್ಷಗಳಿಂದ ಸಂಜೆಯ ಗ್ಲಾಸು ಹಿಡಿಯದೆ ಊಟಕ್ಕೆ ಕೂರದಿದ್ದವನು ಅವನು. ಆ ಸಂಗತಿಯನ್ನು ನಮ್ಮಕ್ಕ, ಎಂದರೆ ಅವನ ತಾಯಿ, ನೆರೆಹೊರೆಗೆ ತಿಳಿಯದಂತೆ ನುಂಗಿಕೊಂಡು ಬಂದಿದ್ದಳು. ಆ ಸಂಜೆ ಅವನ ಕೈಯಲ್ಲಿದ್ದುದು ಮಜ್ಜಿಗೆಯ ಲೋಟ.

ಕುತೂಹಲದ ಕಥೆಯೆಂದು ಇದನ್ನು ಅಲ್ಲಿಗೇ ಬಿಡಬಹುದಿತ್ತು. ಆದರೆ ಅವನು ಹಿಂದಿರುಗಿದ ಕೆಲವು ದಿನಗಳಲ್ಲಿಯೇ ನನ್ನ ಹಳೆಯ ಸಹಪಾಠಿಯೊಬ್ಬರು ಮನೆಗೆ ಬಂದು, ಬಾಗಿಲನ್ನು ಮುಂದಕ್ಕೆ ಮಾಡಿ ಕುಳಿತರು. ಅವರ ಮಗನಿಗೆ ಮೂರು ವರ್ಷಗಳಿಂದ ಖಿನ್ನತೆಯ ಕಾಯಿಲೆ. ವೈದ್ಯರು ಕೊಟ್ಟ ಮಾತ್ರೆಗಳಿಂದ ಕೆಲಸಕ್ಕೆ ಹೋಗಿಬರುವಷ್ಟು ಚೇತರಿಸಿಕೊಂಡಿದ್ದಾನೆ. ನನ್ನ ಸೋದರಳಿಯನ ಕಥೆ ಕಿವಿಗೆ ಬಿದ್ದಂದಿನಿಂದ, “ಈ ಮಾತ್ರೆಗಳನ್ನು ಬಿಸಾಡಿ ನಾನೂ ಅಲ್ಲಿಗೆ ಹೋಗುತ್ತೇನೆ,” ಎಂದು ಹಟ ಹಿಡಿದಿದ್ದಾನೆ. “ಕಳುಹಿಸಲೋ ಬೇಡವೋ, ನೀನೇ ಹೇಳಯ್ಯ,” ಎಂದರು ನನ್ನ ಮಿತ್ರರು. ಆ ಮಾತಿನಲ್ಲಿ ಅರ್ಧ ಪ್ರಶ್ನೆ, ಅರ್ಧ ಆಪಾದನೆ.

ನಾನು ವೈದ್ಯನಲ್ಲ. ಆದರೆ ಹಟ ಹುಟ್ಟಿದುದು ನಮ್ಮ ಮನೆಯ ಕಥೆಯಿಂದಾದ ಕಾರಣ, ಬಲ್ಲವರನ್ನು ಕೇಳಿ, ಸಿಕ್ಕಿದುದನ್ನು ಓದಿ, ತಿಳಿದಷ್ಟನ್ನು ಅವರಿಗೆ ಹೇಳಿದೆ. ಅದನ್ನೇ ಈ ವಾರ ವಾಚಕರ ಮುಂದೆಯೂ ಇಡುತ್ತಿದ್ದೇನೆ.

ಆ ಬಳ್ಳಿಗೆ ಅಯಾಹುವಾಸ್ಕ ಎಂದು ಹೆಸರು. ಆಂಡೀಸ್ ಪರ್ವತದ ಜನರ ಕೆಚುವಾ ಭಾಷೆಯಲ್ಲಿ ‘ಅಯಾ’ ಎಂದರೆ ಆತ್ಮ, ಸತ್ತವರು; ‘ಹುವಾಸ್ಕ’ ಎಂದರೆ ಹಗ್ಗ, ಬಳ್ಳಿ. ಕಷಾಯಕ್ಕೆ ಬಳ್ಳಿಯೊಂದೇ ಸಾಲದು. ಚಕ್ರೂನ ಎಂಬ ಗಿಡದ ಎಲೆಯನ್ನೂ ಅದರೊಡನೆ ಬಹಳ ಹೊತ್ತು ಕುದಿಸಬೇಕು. ಈ ಚಕ್ರೂನ ಗಿಡವು ನಮ್ಮ ಕೊಡಗು, ಚಿಕ್ಕಮಗಳೂರುಗಳ ಕಾಫಿ ಗಿಡದ ಕುಟುಂಬಕ್ಕೇ ಸೇರಿದುದೆಂದರೆ ಕೆಲವರಿಗಾದರೂ ಆಶ್ಚರ್ಯವಾದೀತು. ಅದರ ಎಲೆಯಲ್ಲಿ ಡಿ.ಎಂ.ಟಿ. ಎಂಬ, ಚಿತ್ತವನ್ನು ಬುಡಸಹಿತ ಅಲುಗಿಸುವ ದ್ರವ್ಯವಿದೆ. ಆದರೆ ಎಲೆಯನ್ನು ಮಾತ್ರ ಕುದಿಸಿ ಕುಡಿದರೆ, ನಮ್ಮ ಕರುಳು ಮತ್ತು ಯಕೃತ್ತಿನಲ್ಲಿರುವ ಒಂದು ಕಿಣ್ವವು ಆ ದ್ರವ್ಯವನ್ನು ಮಿದುಳು ಮುಟ್ಟುವ ಮೊದಲೇ ಒಡೆದುಹಾಕುತ್ತದೆ. ಬಳ್ಳಿಯಲ್ಲಿರುವ ಹಾರ್ಮಿನ್ ಮೊದಲಾದ ದ್ರವ್ಯಗಳು ಆ ಕಿಣ್ವವನ್ನು ಕೆಲವು ಗಂಟೆಗಳ ಕಾಲ ಕಟ್ಟಿಹಾಕುತ್ತವೆ. ಬಳ್ಳಿ ಕಾವಲುಗಾರನನ್ನು ಹಿಡಿದುಕೊಳ್ಳುತ್ತದೆ. ಎಲೆ ಒಳಕ್ಕೆ ನುಸುಳುತ್ತದೆ. ಅಮೆಜಾನ್ ಕಾಡಿನ ಸಾವಿರಾರು ಜಾತಿಯ ಗಿಡಮರಗಳ ನಡುವೆ ಈ ಎರಡನ್ನೇ ಆರಿಸಿ ಕೂಡಿಸಿದವರು ಯಾವ ಪ್ರಯೋಗಶಾಲೆಯನ್ನೂ ಕಾಣದ ಕಾಡಿನ ಜನ. ಈ ಅರಿವನ್ನು ಪೆರು ಸರ್ಕಾರವು ೨೦೦೮ರಲ್ಲಿ ರಾಷ್ಟ್ರದ ಸಾಂಸ್ಕೃತಿಕ ಸಂಪತ್ತೆಂದು ಘೋಷಿಸಿತು. ಇಂಥ ದ್ರವ್ಯಗಳಿಗೆಲ್ಲ ಈಗ ರೂಢಿಯಲ್ಲಿರುವ ‘ಸೈಕೆಡೆಲಿಕ್’ ಎಂಬ ಹೆಸರನ್ನು ಸೃಷ್ಟಿಸಿ, ೧೯೫೭ರಲ್ಲಿ ಪ್ರಚಾರಕ್ಕೆ ತಂದವರು ಹಂಫ್ರಿ ಆಸ್ಮಂಡ್ ಎಂಬ ಮನೋವೈದ್ಯರು. ಮನಸ್ಸನ್ನು ಬಯಲಿಗೆ ತರುವಂಥದು ಎಂಬುದು ಆ ಪದದ ಭಾವ.

ನನ್ನ ಸೋದರಳಿಯ ಹೋದದ್ದು ಇಕಿಟೋಸ್ ಎಂಬ ಪಟ್ಟಣಕ್ಕೆ. ದೇಶದ ಉಳಿದ ಭಾಗದಿಂದ ಅಲ್ಲಿಗೆ ರಸ್ತೆಯೇ ಇಲ್ಲ. ವಿಮಾನದಲ್ಲಿ ಹೋಗಬೇಕು, ಇಲ್ಲವೆ ನದಿಯ ಮೇಲೆ. ಅಲ್ಲಿಂದ ದೋಣಿಯಲ್ಲಿ ಕಾಡಿನೊಳಕ್ಕೆ. ಉಕಯಾಲಿ ನದಿಯ ಸೀಮೆಯ ಶಿಪಿಬೊ ಜನರ ಒಬ್ಬ ವೈದ್ಯ ಅಲ್ಲಿ ಗುರು. ಹುಲ್ಲು ಹೊದಿಸಿದ ದುಂಡು ಮಂಟಪದಲ್ಲಿ, ದೀಪವನ್ನು ಆರಿಸಿ, ಕತ್ತಲೆಯಲ್ಲಿ ಎಲ್ಲರೂ ಕೂರುತ್ತಾರೆ. ಪ್ರತಿಯೊಬ್ಬರ ಮುಂದೆಯೂ ಒಂದೊಂದು ಬಕೆಟ್ಟು! ಏಕೆಂದರೆ ಕಷಾಯ ಕುಡಿದವರಲ್ಲಿ ಬಹುಮಂದಿಗೆ ವಾಂತಿಯಾಗುತ್ತದೆ. ಅಲ್ಲಿನವರು ಅದನ್ನು ಶುದ್ಧಿಯೆಂದೇ ಕರೆಯುತ್ತಾರೆ. ನಾಲ್ಕಾರು ಗಂಟೆಗಳ ಕಾಲ ಕಷಾಯದ ಪ್ರಭಾವ. ಅಷ್ಟು ಹೊತ್ತೂ ವೈದ್ಯನು ‘ಇಕಾರೊ’ ಎಂಬ ಹಾಡುಗಳನ್ನು ಹಾಡುತ್ತ ಇರುಳನ್ನು ನಡೆಸುತ್ತಾನೆ.

“ಏನಪ್ಪಾ ಕಂಡೆ? ದೇವರೇ? ದೆವ್ವವೇ?” ಎಂದು ಕೇಳಿದೆ.

“ಮೊದಲನೆಯ ರಾತ್ರಿ ಬಣ್ಣಗಳು, ಭಯ. ಎರಡನೆಯ ರಾತ್ರಿ ನಮ್ಮ ಮನೆಯ ಅಡುಗೆಮನೆ ಕಂಡಿತು, ಮಾಮ. ನಾನು ತಟ್ಟೆಯ ಮುಂದೆ ಕೂತಿದ್ದೇನೆ. ಒಂದು ಕೈಯಲ್ಲಿ ಗ್ಲಾಸು, ಇನ್ನೊಂದರಲ್ಲಿ ಮೊಬೈಲು. ಪಕ್ಕದಲ್ಲಿ ಮಗಳು ತಾನು ಬರೆದ ಚಿತ್ರ ಹಿಡಿದು ನಿಂತಿದ್ದಾಳೆ. ನಾನು ತಲೆಯೆತ್ತುವುದಿಲ್ಲ. ಅವಳು ನಿಂತೇ ಇದ್ದಾಳೆ. ಅಷ್ಟೇ. ಆ ಹೊತ್ತೆಲ್ಲ ಅದೊಂದನ್ನೇ ನೋಡಿದೆ.”

ಇಷ್ಟನ್ನು ಹೇಳಿ ಅವನು ಬಹಳ ಹೊತ್ತು ಸುಮ್ಮನಿದ್ದ. ನಾನೂ ಸುಮ್ಮನಿದ್ದೆ. ಅವನು ಕಂಡದ್ದು ಅವನಿಗೆ ತಿಳಿಯದಿದ್ದ ಸಂಗತಿಯೇನೂ ಅಲ್ಲ. ಅವನ ಹೆಂಡತಿ ಅದನ್ನು ನೂರು ಸಲ ಹೇಳಿದ್ದಳು. ಕೇಳಿ ತಿಳಿಯುವುದಕ್ಕೂ ಕಂಡು ತಿಳಿಯುವುದಕ್ಕೂ ಅಂತರವುಂಟು.

ಆದರೆ ನನ್ನ ಗಮನ ಸೆಳೆದದ್ದು ಕತ್ತಲೆಯ ರಾತ್ರಿಗಳಿಗಿಂತ ಹೆಚ್ಚಾಗಿ ಅದರ ಹಿಂದುಮುಂದಿನ ಹಗಲುಗಳು. ಅಲ್ಲಿಯ ವೈದ್ಯರು ಕಷಾಯಕ್ಕೆ ಮೊದಲೂ ಅನಂತರವೂ ‘ದಿಯೇತ’ ಎಂಬ ನಿಯಮವನ್ನು ವಿಧಿಸುತ್ತಾರೆ. ಉಪ್ಪು, ಸಕ್ಕರೆ, ಎಣ್ಣೆ, ಮೆಣಸಿನಕಾಯಿ, ಹಂದಿಯ ಮಾಂಸ, ಹೆಂಡ, ದಾಂಪತ್ಯಸುಖ — ಇವೆಲ್ಲ ವರ್ಜ್ಯ. ಬೇಯಿಸಿದ ಬಾಳೆಕಾಯಿ, ಅನ್ನ, ಸಪ್ಪೆ ಮೀನು ಆಹಾರ. ನಮ್ಮವನಂಥ ಶಾಕಾಹಾರಿಗೆ ಮೀನೂ ಇಲ್ಲ. ಇದು ನಮಗೆ ಹೊಸದೇ? ಇದನ್ನೇ ಅಲ್ಲವೆ ನಮ್ಮ ಅಜ್ಜಿಯರು ಪಥ್ಯವೆಂದು ಕರೆದುದು! ಅವನು ಹೊರಡುವ ಎರಡು ವಾರ ಮೊದಲೇ ಪಥ್ಯ ಹಿಡಿದಿದ್ದ. “ನಿಜ ಹೇಳಬೇಕೆಂದರೆ, ಮಾಮ, ಸಂಜೆ ಆರರಿಂದ ಒಂಬತ್ತರವರೆಗೆ ಮೂರು ಗಂಟೆ ಕಾಲವಿದೆ ಎಂಬುದು ನನಗೆ ಗೊತ್ತಾದದ್ದೇ ಆ ಎರಡು ವಾರದಲ್ಲಿ,” ಎಂದ. ಎಂದರೆ ಬಳ್ಳಿಯ ರುಚಿ ನೋಡುವ ಮೊದಲೇ ಅರ್ಧ ಕೆಲಸ ಆರಂಭವಾಗಿತ್ತೆಂದಾಯಿತು.

ಮನೆಗೆ ಬಂದವನು ಒಂದು ಪಟ್ಟಿ ಮಾಡಿದನಂತೆ. ಬಾಟಲಿಗಳು ಮನೆಯಿಂದ ಹೊರಕ್ಕೆ. ಮೊಬೈಲು ಮಲಗುವ ಕೋಣೆಯಿಂದ ಹೊರಕ್ಕೆ. ಬೆಳಗ್ಗೆ ಐದಕ್ಕೆ ಏಳುವುದು, ಒಂದು ಗಂಟೆ ನಡೆಯುವುದು. ರಾತ್ರಿಯ ಊಟ ಏಳೂವರೆಗೆ, ಎಲ್ಲರೂ ಒಟ್ಟಿಗೆ. ಮೊದಲ ಕೆಲವು ವಾರ ಇದಾವುದೂ ಕಷ್ಟವೆನಿಸಲಿಲ್ಲವಂತೆ. ಮೈಮನಸ್ಸುಗಳು ಹಸಿಮಣ್ಣಿನಂತೆ ಹೇಳಿದ ಕಡೆಗೆ ಬಾಗುತ್ತಿದ್ದವಂತೆ.

ಈ ಮಾತಿಗೆ ವಿಜ್ಞಾನದ ಆಧಾರವೇನಾದರೂ ಉಂಟೆ ಎಂದು ಹುಡುಕಿದೆ. “ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?” ಎನ್ನುತ್ತೇವಲ್ಲವೆ? ಎಳೆಯ ಮಿದುಳಿಗೆ ಕೆಲವು ಸಂಗತಿಗಳನ್ನು ಸುಲಭವಾಗಿ ಕಲಿಯುವ ಒಂದು ಕಾಲವುಂಟು. ಬೆಳೆದಂತೆ ಆ ಬಾಗಿಲು ಮುಚ್ಚುತ್ತದೆ. ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಗುಲ್ ಡೋಲೆನ್ ಮತ್ತು ಅವರ ಸಂಗಡಿಗರು ಬೆಳೆದ ಇಲಿಗಳಿಗೆ ಇಂಥ ದ್ರವ್ಯಗಳನ್ನು ಕೊಟ್ಟು ನೋಡಿದರು. ಒಡನಾಟದ ಸುಖವನ್ನು ಕಲಿಯುವ, ಮುಚ್ಚಿಹೋಗಿದ್ದ ಆ ಬಾಗಿಲು ಮತ್ತೆ ತೆರೆಯಿತೆಂದು ೨೦೨೩ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಅಣಬೆಯಲ್ಲಿರುವ ಸೈಲೊಸೈಬಿನ್ ಎಂಬ ದ್ರವ್ಯದಿಂದ ತೆರೆದ ಬಾಗಿಲು ಎರಡು ವಾರ ತೆರೆದೇ ಇತ್ತು, ಎಲ್.ಎಸ್.ಡಿ.ಯಿಂದ ಮೂರು ವಾರ. ಅನಂತರ ಮುಚ್ಚಿತು. ಇಲಿ ಮನುಷ್ಯನಲ್ಲ, ಆ ಪ್ರಯೋಗದಲ್ಲಿ ನಮ್ಮ ಬಳ್ಳಿಯ ಕಷಾಯವೂ ಇರಲಿಲ್ಲ. ಆದರೂ ಬಾಗಿಲು ತೆರೆದಿರುವುದು ಕೆಲವೇ ವಾರ ಎಂಬ ಮಾತನ್ನು ನಾವು ನೆನಪಿಡಬೇಕು.

ಮನುಷ್ಯರ ಮೇಲೆ ನಡೆದ ಪರೀಕ್ಷೆಗಳೂ ಇವೆ. ಅದೇ ವಿಶ್ವವಿದ್ಯಾಲಯದವರು ೨೦೧೪ರಲ್ಲಿ ಪ್ರಕಟಿಸಿದ ಒಂದು ಪುಟ್ಟ ಅಧ್ಯಯನದಲ್ಲಿ ೧೫ ಮಂದಿ ಸಿಗರೇಟು ಸೇದುವವರಿದ್ದರು. ಸರಾಸರಿ ಮೂವತ್ತು ವರ್ಷಕ್ಕೂ ಮಿಕ್ಕಿದ ಚಟ. ಸೈಲೊಸೈಬಿನ್ ಕೊಟ್ಟು ಚಿಕಿತ್ಸೆ ನಡೆಸಿದ ಮೇಲೆ, ಆರು ತಿಂಗಳ ಕೊನೆಯಲ್ಲಿ ೧೨ ಮಂದಿ ಸಿಗರೇಟು ಮುಟ್ಟದೆ ಇದ್ದರು. ವರ್ಷದ ಕೊನೆಯಲ್ಲಿ ೧೦ ಮಂದಿ. ನ್ಯೂಯಾರ್ಕ್ ವಿಶ್ವವಿದ್ಯಾಲಯದ ವೈದ್ಯರು ೨೦೨೨ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನದಲ್ಲಿ ೯೩ ಮಂದಿ ಕುಡಿತದ ರೋಗಿಗಳು. ಸೈಲೊಸೈಬಿನ್ ಪಡೆದವರು ಮುಂದಿನ ೩೨ ವಾರಗಳಲ್ಲಿ ಮಿತಿಮೀರಿ ಕುಡಿದ ದಿನಗಳು ನೂರಕ್ಕೆ ಸುಮಾರು ೧೦. ಪಡೆಯದವರು ಕುಡಿದ ದಿನಗಳು ನೂರಕ್ಕೆ ಸುಮಾರು ೨೪.

ಈ ಅಂಕಿಗಳನ್ನು ಓದಿ ಹಿಗ್ಗುವ ಮೊದಲು ಅವುಗಳ ಹಿಂದಿನ ಮಾತನ್ನೂ ಓದಬೇಕು. ಸಿಗರೇಟಿನ ಚಿಕಿತ್ಸೆ ನಡೆದದ್ದು ೧೫ ವಾರ. ಔಷಧ ಕೊಟ್ಟದ್ದು ಅದರಲ್ಲಿ ಎರಡು ಮೂರು ದಿನ ಮಾತ್ರ. ಕುಡಿತದ ಚಿಕಿತ್ಸೆಯಲ್ಲಿ ಔಷಧದ ದಿನಗಳು ಎರಡು. ತಜ್ಞರೊಡನೆ ಕುಳಿತು ಮಾತಾಡಿ, ಜೀವನವನ್ನು ತಿದ್ದಿಕೊಳ್ಳಲು ಕೊಟ್ಟ ಕಾಲ ೧೨ ವಾರ. ಔಷಧ ಪಡೆಯದವರೂ ಆ ಮಾತುಕತೆಯಿಂದಲೇ ಕುಡಿತವನ್ನು ಬಹುಮಟ್ಟಿಗೆ ತಗ್ಗಿಸಿಕೊಂಡಿದ್ದರು.

ಪೆರುವಿನಲ್ಲಿಯೇ ತಾರಪೋತೊ ಎಂಬ ಊರಿದೆ. ಅಲ್ಲಿ ಜಾಕ್ ಮಾಬಿ ಎಂಬ ಫ್ರೆಂಚ್ ವೈದ್ಯರು ೧೯೯೨ರಲ್ಲಿ ‘ತಾಕಿವಾಸಿ’ ಎಂಬ ಚಿಕಿತ್ಸಾಲಯವನ್ನು ಕಟ್ಟಿದರು. ಹಾಡುವ ಮನೆ ಎಂದು ಆ ಹೆಸರಿನ ಅರ್ಥ. ಮಾದಕ ದ್ರವ್ಯಗಳ ಚಟ ಹತ್ತಿದವರಿಗೆ ಕಾಡಿನ ಗಿಡಮೂಲಿಕೆಗಳನ್ನೂ ಮನಶ್ಶಾಸ್ತ್ರವನ್ನೂ ಕೂಡಿಸಿ ಅಲ್ಲಿ ಚಿಕಿತ್ಸೆ ಮಾಡುತ್ತಾರೆ. ಅವರು ರೋಗಿಯನ್ನು ಎಷ್ಟು ಕಾಲ ಇರಿಸಿಕೊಳ್ಳುತ್ತಾರೆ ಗೊತ್ತೆ? ಸುಮಾರು ಒಂಬತ್ತು ತಿಂಗಳು! ಮಗು ಹುಟ್ಟಲು ಬೇಕಾದಷ್ಟು ಕಾಲ. ಬ್ರೆಜಿಲಿನಲ್ಲಿ ರಬ್ಬರು ಕಾರ್ಮಿಕನೊಬ್ಬ ೧೯೬೧ರಲ್ಲಿ ಆರಂಭಿಸಿದ ‘ಉನಿಯಾವು ದೊ ವೆಜೆತಾವ್’ ಎಂಬ ಪಂಥದವರು ಈ ಕಷಾಯವನ್ನೇ ತೀರ್ಥವಾಗಿ ಸೇವಿಸುತ್ತಾರೆ. ೧೯೯೩ರಲ್ಲಿ ವಿದ್ವಾಂಸರು ಮನಾವುಸ್ ನಗರದಲ್ಲಿ ಆ ಪಂಥದ ೧೫ ಮಂದಿ ಹಳೆಯ ಸದಸ್ಯರನ್ನು ಪರೀಕ್ಷಿಸಿದಾಗ, ಅವರಲ್ಲಿ ಹಿಂದೆ ಕುಡಿತಕ್ಕೆ ಬಿದ್ದಿದ್ದ ಹಲವರು ಪೂರ್ತಿ ಬಿಟ್ಟುದು ಕಂಡುಬಂದಿತು. ಆದರೆ ಅವರು ಹತ್ತು ದಿನ ಹೋಗಿಬಂದವರಲ್ಲ; ಹತ್ತು ವರ್ಷಕ್ಕೂ ಮೇಲ್ಪಟ್ಟು ತಿಂಗಳಿಗೆರಡು ಬಾರಿಯಾದರೂ ಸೇರುತ್ತಿದ್ದವರು. ತಪ್ಪಿ ನಡೆದರೆ ಕೇಳುವ ನೆರೆಯವರಿದ್ದವರು.

ನಮ್ಮಲ್ಲಿ ನೋಡಿ. ಅಯ್ಯಪ್ಪನ ಮಾಲೆ ಧರಿಸಿದ ೪೧ ದಿನವೂ ತಣ್ಣೀರಿನಲ್ಲಿ ಮಿಂದು, ಬೀಡಿ ಹೆಂಡಗಳನ್ನು ಮುಟ್ಟದೆ, ಮಾತಿನಲ್ಲಿಯೂ ಮೃದುವಾಗಿರುವವರನ್ನು ಕಂಡಿದ್ದೇವೆ. ಮಾಲೆ ತೆಗೆದ ಮರುದಿನವೇ ಹಳೆಯ ಅಂಗಡಿಯ ಮುಂದೆ ನಿಂತವರನ್ನೂ ಕಂಡಿದ್ದೇವೆ. ಮಾಲೆ ತೆಗೆದರೂ ವ್ರತವನ್ನು ಬಿಡದವರೂ ಉಂಟು; ಅವರ ಮನೆಗಳಲ್ಲಿ ಯಾರಾದರೊಬ್ಬರು ಆ ವ್ರತವನ್ನು ನಲವತ್ತೆರಡನೆಯ ದಿನಕ್ಕೆ ದಾಟಿಸಿರುತ್ತಾರೆ.

ನನ್ನ ಸೋದರಳಿಯನ ಪಟ್ಟಿಯ ಗತಿ ಏನಾಯಿತೆಂದು ಹೇಳಬೇಕು. ಎರಡನೆಯ ತಿಂಗಳಿನಲ್ಲಿ ಮೊಬೈಲು ಹಾಸಿಗೆಯ ಪಕ್ಕಕ್ಕೆ ಮರಳಿತು. ಚಳಿಗಾಲ ಬಂದುದೇ ತಡ, ಐದರ ಏಳುವಿಕೆಯೂ ನಡಿಗೆಯೂ ನಿಂತವು. ನಾಲ್ಕನೆಯ ತಿಂಗಳಲ್ಲಿ ಕಚೇರಿಯಲ್ಲಿ ಏನೋ ಮನಸ್ತಾಪವಾಗಿ ಎರಡು ಸಂಜೆ ಗ್ಲಾಸೂ ಮರಳಿತು. ಮೂರನೆಯ ಸಂಜೆ ಬಾಟಲಿಯಲ್ಲಿ ಉಳಿದುದನ್ನು ತಾನೇ ಚೆಲ್ಲಿದನಂತೆ. ಪಟ್ಟಿಯಲ್ಲಿ ಒಂದು ದಿನವೂ ತಪ್ಪದೆ ಉಳಿದುದು ಏಳೂವರೆಯ ಊಟವೊಂದೇ. ಅದು ಉಳಿದುದಕ್ಕೆ ಕಾರಣ ಒಂದು ಅವಲಕ್ಕಿ ಡಬ್ಬ. ಏಳು ಗಂಟೆ ಇಪ್ಪತ್ತೈದು ನಿಮಿಷಕ್ಕೆ ಮಗಳು ಆ ಡಬ್ಬವನ್ನು ಹಿಡಿದು ಮನೆಯೆಲ್ಲ ಸುತ್ತುತ್ತಾಳೆ. ತಂದೆತಾಯಿಗಳ ಮೊಬೈಲುಗಳು ಅದರೊಳಕ್ಕೆ ಬಿದ್ದು ಮುಚ್ಚಳ ಮುಚ್ಚಿದ ಮೇಲೆಯೇ ಎಲೆ ಹಾಕುವುದು. ಊಟದ ಹೊತ್ತು ಮೀಸಲಾಯಿತು. ಆ ಹೊತ್ತಿನಲ್ಲಿ ಗ್ಲಾಸಿಗೆ ಜಾಗವಿಲ್ಲದಾಯಿತು.

“ಕಾಡಿನವರು ಹತ್ತು ದಿನ ಇವರನ್ನು ನೋಡಿಕೊಂಡರು, ಮಾವ. ಅವರನ್ನು ನಾನು ಹಳಿಯುವುದಿಲ್ಲ,” ಎಂದಳು ಅವನ ಹೆಂಡತಿ, ಒಳಗಿನಿಂದ ಬಂದು ಬಾಗಿಲ ಬಳಿ ನಿಂತು. “ಆದರೆ ಆಮೇಲಿನ ಎಂಟು ತಿಂಗಳು ನೋಡಿಕೊಂಡವಳು ನಾನು. ನನಗೆ ಅವರ ಹಾಗೆ ಹಾಡಲು ಬರುವುದಿಲ್ಲ. ಏಳೂವರೆಗೆ ಅನ್ನ ಬಡಿಸುತ್ತೇನೆ, ಅಷ್ಟೆ.”

ನನ್ನ ಸೋದರಳಿಯ ತಲೆತಗ್ಗಿಸಿದ. ಬೇಸರದಿಂದಲ್ಲ.

ಇನ್ನು ನನ್ನ ಸಹಪಾಠಿಯ ಪ್ರಶ್ನೆ. ಇಲ್ಲಿ ನಗೆಮಾತಿಗೆ ಎಡೆಯಿಲ್ಲ. ಖಿನ್ನತೆಗೆ ಕೊಡುವ ಹಲವು ಮಾತ್ರೆಗಳು ಮಿದುಳಿನ ಸಿರೊಟೋನಿನ್ ಎಂಬ ದ್ರವ್ಯದ ಮೇಲೆ ಕೆಲಸ ಮಾಡುತ್ತವೆ. ಕಿಣ್ವವನ್ನು ಕಟ್ಟಿಹಾಕುವ ಬಳ್ಳಿ ಅವುಗಳೊಡನೆ ಕೂಡಿದರೆ ಆ ದ್ರವ್ಯ ಮಿತಿಮೀರಿ, ಜ್ವರ, ನಡುಕ, ಸೆಳವು ಕಾಣಿಸಿಕೊಂಡು ಪ್ರಾಣಕ್ಕೇ ಅಪಾಯವಾಗಬಹುದು. ಹಾಗೆಂದು ಮಾತ್ರೆಯನ್ನು ತಾನಾಗಿಯೇ ಥಟ್ಟನೆ ನಿಲ್ಲಿಸಿದರೆ, ಅದುವರೆಗೆ ಹಿಮ್ಮೆಟ್ಟಿದ್ದ ಕಾಯಿಲೆ ಮತ್ತೆ ಮೇಲೇರಿ ಬರಬಹುದು. ತಮಗಾಗಲಿ ರಕ್ತಸಂಬಂಧಿಗಳಿಗಾಗಲಿ ಚಿತ್ತಭ್ರಮೆಯ ರೋಗವಿದ್ದವರು ಈ ಕಡೆ ತಲೆಹಾಕಲೇಬಾರದು. ಹೃದ್ರೋಗದವರೂ ಅಷ್ಟೆ. ಕೆಲವೆಡೆ ಕಷಾಯಕ್ಕೆ ‘ತೊಯೆ’ ಎಂಬ ಗಿಡವನ್ನೂ ಬೆರೆಸುವುದುಂಟು. ಅದು ನಮ್ಮ ಉಮ್ಮತ್ತಿಯ ಬಂಧು, ವಿಷ. ಗುರುವಿನ ವೇಷದಲ್ಲಿ ಹೆಣ್ಣುಮಕ್ಕಳ ಮೇಲೆ ಕೈಮಾಡಿದವರ ಸುದ್ದಿಗಳೂ ಬಂದಿವೆ. ನಮ್ಮ ದೇಶದಲ್ಲಂತೂ ೧೯೮೫ರ ಮಾದಕ ದ್ರವ್ಯಗಳ ಕಾಯಿದೆಯ ಪಟ್ಟಿಯಲ್ಲಿ ಡಿ.ಎಂ.ಟಿ. ಸೇರಿದೆ. ಗುಟ್ಟಾಗಿ ತೋಟದ ಮನೆಗೆ ಕರೆದು ಕುಡಿಸುತ್ತೇವೆ ಎನ್ನುವವರು ಅಪರಾಧಕ್ಕೇ ಕರೆಯುತ್ತಿದ್ದಾರೆಂದು ತಿಳಿಯಬೇಕು.

ಇಷ್ಟನ್ನೂ ಹೇಳಿ, “ನೀವು ಅವನಿಗೆ ಬೇಡವೆನ್ನಬೇಡಿ, ವೈದ್ಯರ ಮುಂದೆಯೇ ಕೇಳು ಎನ್ನಿ,” ಎಂದೆ. ತಂದೆ ಮಗ ಇಬ್ಬರೂ ಹೋದರು. ವೈದ್ಯರು ಹುಡುಗನನ್ನು ಗದರಿಸಲಿಲ್ಲವಂತೆ. ಅರ್ಧ ಗಂಟೆ ಕುಳಿತು, ಅವನ ಮಾತ್ರೆಯೂ ಆ ಬಳ್ಳಿಯೂ ಒಂದಾಗಬಾರದೇಕೆಂದು ಬಿಡಿಸಿ ಹೇಳಿದರಂತೆ. “ಅಲ್ಲಿಯ ಪಥ್ಯದಲ್ಲಿ ಹೆಂಡ ಬೇಡವೆಂಬುದನ್ನೂ, ರಾತ್ರಿ ಹೊತ್ತಿಗೆ ಸರಿಯಾಗಿ ಮಲಗುವುದನ್ನೂ, ಮೊಬೈಲು ದೂರವಿಡುವುದನ್ನೂ ಇಲ್ಲಿಯೇ ಮಾಡಬಹುದಲ್ಲ, ಅದಕ್ಕೆ ನನ್ನ ಅಡ್ಡಿಯಿಲ್ಲ,” ಎಂದರಂತೆ. ಹುಡುಗ ಈಗ ಸಂಜೆ ತಂದೆಯೊಡನೆ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ನಡೆಯುತ್ತಾನೆ. ರೋಗ ವಾಸಿಯಾಯಿತೆಂದು ನಾನು ಹೇಳುತ್ತಿಲ್ಲ. ಕಾಡಿಗೆ ಹೋಗುವ ಮಾತನ್ನು ಅವನು ಇನ್ನೂ ಬಿಟ್ಟಿಲ್ಲ, ಮಾತ್ರೆಯನ್ನೂ ಬಿಟ್ಟಿಲ್ಲ. ಸದ್ಯಕ್ಕೆ ಅಷ್ಟು ಸಾಕೆಂದು ನನ್ನ ಮಿತ್ರರು ಸಮಾಧಾನದಿಂದಿದ್ದಾರೆ.

ಕೊನೆಯದಾಗಿ ನನ್ನ ಮಾತೊಂದು. ಸೋದರಳಿಯನ ಮಗಳು ನಮ್ಮ ಮನೆಗೆ ಬಂದಿದ್ದಾಗಲೂ ಪದ್ಧತಿಯನ್ನು ತಪ್ಪಿಸಲಿಲ್ಲ. ನಮ್ಮ ಅಡುಗೆಮನೆಯ ಒಂದು ಡಬ್ಬವನ್ನು ಖಾಲಿಮಾಡಿಸಿ ಹಿಡಿದು ಬಂದಳು. ನನ್ನ ಮೊಬೈಲು ಒಳಕೋಣೆಯಲ್ಲಿತ್ತು. ಆದರೂ ಮಗು ಡಬ್ಬವನ್ನು ನನ್ನ ಮುಂದೆ ಹಿಡಿದೇ ನಿಂತಿತು. ಏನು ಹಾಕಲಿ? ಜೇಬಿನಿಂದ ನಶ್ಯದ ಡಬ್ಬಿ ತೆಗೆದು ಹಾಕಿದೆ. “ಊಟ ಮುಗಿಯುವವರೆಗೆ ಮಾತ್ರ, ತಾತ,” ಎಂದು ಧೈರ್ಯ ಹೇಳಿದಳು.

ಅವಳು ಹೊರಟುಹೋಗಿ ಬಹಳ ದಿನಗಳಾದವು. ಆ ಡಬ್ಬ ಈಗಲೂ ಅಡುಗೆಮನೆಯ ಗೂಡಿನಲ್ಲಿದೆ. ಊಟದ ಹೊತ್ತಿಗೆ ನನ್ನ ನಶ್ಯ ತಪ್ಪದೆ ಅದರೊಳಗೆ ಇರುತ್ತದೆ. ಊಟವಾದ ಮೇಲೆ ಎಲ್ಲಿರುತ್ತದೆಂದು ಮಾತ್ರ ವಾಚಕರು ದಯವಿಟ್ಟು ಕೇಳಬಾರದು.